ಬೆಟ್ಟ ಕಂಡವರಿಗೆ ಕೆರೆ ಕಾಣಲಿಲ್ಲ

ಕನ್ನಡದಲ್ಲಿ ಪ್ರವಾಸ ಸಾಹಿತ್ಯಕ್ಕೆ ಬರವಿಲ್ಲ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’, ಶಿವರಾಮ ಕಾರಂತರ ‘ಅಬೂವಿಂದ ಬರಾಮಕ್ಕೆ’, ಗೊರೂರರ ‘ಅಮೆರಿಕದಲ್ಲಿ ಗೊರೂರು’ ಇವನ್ನೆಲ್ಲ ನಾವು ಪ್ರೀತಿಯಿಂದ ಓದಿದ್ದೇವೆ. ಆದರೆ ಬೆಂಗಳೂರಿನ ಮಗ್ಗುಲಲ್ಲೇ ಇರುವ ಕೋಲಾರ ಸೀಮೆಯ ಬಗ್ಗೆ ಪತ್ರಿಕೆಯ ಪುರವಣಿಗಳಲ್ಲಿ, ಪ್ರವಾಸಿ ಕೈಪಿಡಿಗಳಲ್ಲಿ ಬರುವ ಬರಹಗಳಲ್ಲಿ ಒಂದನ್ನು ಓದಿದರೆ ಸಾಕು, ಎಲ್ಲವನ್ನೂ ಓದಿದಂತೆ. ಅಂತರಗಂಗೆಯಲ್ಲಿ ಬಸವನ ಬಾಯಿಂದ ಬೀಳುವ ನೀರು, ಕೋಲಾರಮ್ಮ, ಸೋಮೇಶ್ವರ, ಆವನಿ, ಕುರುಡುಮಲೆಯ ಗಣಪ, ಕೊನೆಗೆ 2001ರಲ್ಲಿ ಮುಚ್ಚಿದ ಚಿನ್ನದ ಗಣಿ. ನಡುವೆ ಎಲ್ಲೋ ಒಂದು ಕಡೆ, ಹೈದರಾಲಿಯ ತಂದೆಯ ಗೋರಿಯೂ ಇಲ್ಲಿದೆ ಎಂಬ ಅರ್ಧ ವಾಕ್ಯ.

ಇದರಲ್ಲಿ ಯಾವುದೂ ಸುಳ್ಳಲ್ಲ. ಗಂಗರ ಮೊದಲ ರಾಜಧಾನಿ ಕುವಲಾಲವೇ ಇಂದಿನ ಕೋಲಾರ. ಕೋಲಾರಮ್ಮನ ಗುಡಿಯಲ್ಲಿ ಚೋಳರ ಶಾಸನಗಳಿವೆ. ಮೂಡಲ ಬಾಗಿಲಾದ ಮುಳಬಾಗಿಲಿನಲ್ಲಿ 1768ರ ಅಕ್ಟೋಬರ್‌ನಲ್ಲಿ ಹೈದರನ ಸೈನ್ಯಕ್ಕೂ ಕಂಪನಿಯ ಸೈನ್ಯಕ್ಕೂ ಕಾಳಗ ನಡೆಯಿತು. ನಮ್ಮ ತಕರಾರು ಇರುವುದು ನೋಟದ ಬಗ್ಗೆ. ಬೆಟ್ಟ ಒಂದು ಪಟ್ಟಿಯಲ್ಲಿ, ಕೆರೆ ಇನ್ನೊಂದರಲ್ಲಿ, ಐತಿಹಾಸಿಕ ಪಟ್ಟಣ ಮತ್ತೊಂದರಲ್ಲಿ. ಈ ಸೀಮೆಯಲ್ಲಿ ಆ ಮೂರೂ ಬೇರೆ ಬೇರೆ ಅಲ್ಲವೇ ಅಲ್ಲ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲಿಲ್ಲ. ಪಾಲಾರ್ ಇದೆ, ಹೆಸರಿಗೆ. ಬಂಡೆಗುಡ್ಡದ ಮೇಲೆ ಬಿದ್ದ ಮಳೆ ಮೊದಲ ಕೆರೆಗೆ ಇಳಿದು, ಅದರ ಕೋಡಿಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹೋಗಬೇಕು. ಆ ಸರಪಳಿಯ ಮೇಲೆ ಊರುಗಳು ನಿಂತವು, ಊರುಗಳ ಮೇಲೆ ಅರಸರು ನಿಂತರು. ಲೂಯಿಸ್ ರೈಸ್ 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟವನ್ನು ತಿರುವಿ ನೋಡಿದರೆ, ಅರಸರ ಬಿರುದುಗಳ ಜೊತೆಗೇ ಕೆರೆ ಕಟ್ಟಿದವರಿಗೆ, ದುರಸ್ತಿ ಮಾಡಿಸಿದವರಿಗೆ ಬಿಟ್ಟ ಭೂಮಿಯ ಲೆಕ್ಕವೂ ಸಿಗುತ್ತದೆ. ಪ್ರವಾಸ ಬರಹಗಾರ ಬಿರುದನ್ನು ಎತ್ತಿಕೊಳ್ಳುತ್ತಾನೆ, ಲೆಕ್ಕವನ್ನು ಬಿಡುತ್ತಾನೆ.

ಶ್ರೀನಿವಾಸಪುರ ತಾಲ್ಲೂಕಿನ ಹೋಬಳಿ ಊರಾದ ನಮ್ಮ ಯಲ್ದೂರು ನಾವು ನೋಡಿದ ಯಾವ ಕೈಪಿಡಿಯಲ್ಲೂ ಇಲ್ಲ. ಇರಬೇಕೆಂಬ ಹಟವೂ ನಮಗಿಲ್ಲ. ಆದರೆ ಶ್ರೀನಿವಾಸಪುರ ಎಂದೊಡನೆ ಮಾವು ಎಂದು ಬರೆಯುವವರು, ಕೆಮ್ಮಣ್ಣಿನ ಈ ನೆಲವನ್ನು ಮಳೆಯನ್ನೇ ನಂಬಿದ ಮಾವು ಯಾಕೆ ಆವರಿಸಿತು, ಕೆರೆಯ ಕೆಳಗಿನ ಗದ್ದೆ ಎಲ್ಲಿ ಹೋಯಿತು ಎಂದು ಯಾಕೆ ಕೇಳುವುದಿಲ್ಲ? ಸಾವಿರ ಅಡಿ ಕೊರೆದರೂ ನೀರು ಸಿಗದ, ಸಿಕ್ಕರೆ ಫ್ಲೋರೈಡ್ ಬೆರೆತ ನೀರು ಸಿಗುವ ಬೋರ್‌ವೆಲ್‌ಗಳ ಸೀಮೆ ಇದು. ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರಗಂಟಿ ಹೆಚ್ಚಾಗಿ ದಲಿತ ಕುಟುಂಬದವನು. ಅವನ ಹೆಸರು ಶಾಸನದಲ್ಲಿ ಅಪರೂಪ. ಪ್ರವಾಸ ಲೇಖನದಲ್ಲಂತೂ ಇಲ್ಲವೇ ಇಲ್ಲ.

ಹಾಗಾದರೆ ನೋಡಬಲ್ಲ ಪ್ರವಾಸಿಗಳು ಇರಲಿಲ್ಲವೇ? 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ ಅಲ್ಲಿ ಹೆಣ್ಣುಮಕ್ಕಳ ಶಾಲೆ 13, ಗಂಡುಮಕ್ಕಳ ಶಾಲೆ 23 ಇದ್ದವೆಂದು ಎಣಿಸಿ ಬರೆದ. 1800ರಲ್ಲಿ ಮದರಾಸಿನಿಂದ ಹೊರಟು ಬೇತಮಂಗಲದ ದಾರಿಯಾಗಿ ಬಂದ ಫ್ರಾನ್ಸಿಸ್ ಬುಕಾನನ್ ಮಣ್ಣು, ಬೆಳೆ, ಕೆರೆ, ನೇಗಿಲು ಯಾವುದನ್ನೂ ಬಿಡಲಿಲ್ಲ. ಟಿಪ್ಪು ಸತ್ತು ವರ್ಷ ತುಂಬುವ ಹೊತ್ತಿಗೆ, ಗೆದ್ದ ನೆಲದಿಂದ ಏನು ಗಿಟ್ಟುತ್ತದೆ ಎಂದು ನೋಡಲು ಕಂಪನಿ ಕಳಿಸಿದ ಮನುಷ್ಯ ಅವನು. ಲಾಭಕ್ಕೆ ಬಂದವನು ಕಂಡದ್ದನ್ನು ಅಭಿಮಾನದಿಂದ ಬಂದವರು ಕಾಣಲಿಲ್ಲವಲ್ಲ, ಇದು ನಮ್ಮ ಪ್ರಶ್ನೆ.

ಕೋಲಾರದ ಮಕಬರಾದ ವಿಷಯಕ್ಕೆ ಬರೋಣ. 1782ರಲ್ಲಿ ಚಿತ್ತೂರಿನ ಬಳಿ ತೀರಿಕೊಂಡ ಹೈದರನ ಶವವನ್ನು ಮೊದಲು ಇರಿಸಿದ್ದು ಇಲ್ಲಿ, ತಂದೆಯ ಗೋರಿಯ ಬಳಿ. ಶ್ರೀರಂಗಪಟ್ಟಣಕ್ಕೆ ಒಯ್ದದ್ದು ಆಮೇಲೆ. ಬೂದಿಕೋಟೆಯಲ್ಲಿ ಹುಟ್ಟಿದ ಸಿಪಾಯಿಯ ಮಗ ಸತ್ತ ಮೇಲೂ ಒಮ್ಮೆ ತನ್ನ ಸೀಮೆಗೆ ಬಂದು ಹೋದ. ಕತೆ ಬರೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು? ಆದರೆ ಟಿಪ್ಪು ಜಗಳದ ಈ ಕಾಲದಲ್ಲಿ ಕೆಲವರು ಜಗಳಕ್ಕೆಂದೇ ಮಕಬರಾಕ್ಕೆ ಹೋಗುತ್ತಾರೆ, ಉಳಿದವರು ಜಗಳ ಬೇಡವೆಂದು ಹೋಗುವುದೇ ಇಲ್ಲ. ಮುಳಬಾಗಿಲಿನ ಹೈದರ್ ವಲಿ ದರ್ಗಾದ ಗತಿಯೂ ಅಷ್ಟೇ. ಉರುಸಿಗೆ ಎರಡೂ ಧರ್ಮದವರು ಹೋಗುತ್ತಾರೆ, ಲೇಖನ ಮಾತ್ರ ಹೋಗುವುದಿಲ್ಲ. ರಹಮತ್ ತರೀಕೆರೆಯವರು ‘ಕರ್ನಾಟಕದ ಸೂಫಿಗಳು’ ಬರೆಯಲು ಊರೂರು ಅಲೆದದ್ದು ಪ್ರವಾಸವಲ್ಲದೆ ಮತ್ತೇನು? ಹಾಗೆಂದು ಉರ್ದುವಿನವರು ಬೀಗಬೇಕಾಗಿಲ್ಲ. ಉರ್ದು ಸಫರ್‌ನಾಮೆಗಳದ್ದೂ ಇದೇ ಹಣೆಬರಹ. ಶಿಬ್ಲಿಯವರು ಇಸ್ತಾಂಬುಲ್, ಕೈರೋಗಳ ಬಗ್ಗೆ ಬರೆದದ್ದನ್ನು ಓದಿಕೊಂಡ ಮನೆಗಳಲ್ಲಿ ಆವನಿಯ ಗುಡ್ಡ ಯಾವ ದಿಕ್ಕಿಗಿದೆ ಎಂದು ಕೇಳಿ ನೋಡಿ.

ಇದನ್ನು ಬರೀ ರುಚಿಯ ಪ್ರಶ್ನೆ ಎಂದು ಬಿಡುವಂತಿಲ್ಲ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಜಿಲ್ಲೆಯ 126 ಕೆರೆಗಳಿಗೆ ತುಂಬುವ ಯೋಜನೆ. ಮರುತಿಂಗಳೇ ನೊರೆ ಕಾಣಿಸಿಕೊಂಡು ಹೈಕೋರ್ಟ್ ತಡೆ ಕೊಟ್ಟಿತು, ಮುಂದೆ ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು, ನೀರು ಮತ್ತೆ ಹರಿಯಿತು. ಮೂರನೇ ಹಂತದ ಸಂಸ್ಕರಣೆ ಬೇಕೆಂದು ರೈತರು ಕೂಗಿದರು. ಅಂತರ್ಜಲ ಏರಿತೆಂದು ಸಂತೋಷಪಟ್ಟವರೂ ರೈತರೇ. ಇಂಥ ಕೆರೆಯ ದಂಡೆಯಲ್ಲಿ ನಿಂತು ನಯನಮನೋಹರ ಎಂದಷ್ಟೇ ಬರೆದು ಬಸ್ಸು ಹತ್ತುವ ಲೇಖನ, ಈ ನೀರು ಯಾರದ್ದು, ಎಲ್ಲಿಯದು ಎಂಬುದನ್ನು ಓದುಗನಿಂದ ಮುಚ್ಚಿಡುತ್ತದೆ.

2021ರ ನವೆಂಬರ್ ಮಳೆಗೆ ಜಿಲ್ಲೆಯ ಎಷ್ಟೋ ಕೆರೆಗಳು ಬಹಳ ವರ್ಷಗಳ ಮೇಲೆ ಕೋಡಿ ಹರಿದವು. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಏರಿಯ ಮೇಲೆ ಹೋಗಿ ನಿಂತು ನೋಡಿದರು. ಕೋಡಿ ಎಂದರೇನೆಂದು ಮಕ್ಕಳಿಗೆ ವಿವರಿಸಿ ಹೇಳಬೇಕಾಯಿತು. ಆ ಪ್ರವಾಸದ ಬಗ್ಗೆ ಬರೆದ ಲೇಖನವನ್ನು ನಾವು ಇನ್ನೂ ಹುಡುಕುತ್ತಿದ್ದೇವೆ.