ಪಿರಮಿಡ್ಡಿನ ಪ್ರತಿಷ್ಠೆ, ಕೆಸರಿನ ಅನಾದರ

ಪದವಿಯಲ್ಲಿ ಪರಿಸರ ಅಧ್ಯಯನ ಓದಿದವರಿಗೆ ಉಳಿದೆಲ್ಲ ಮರೆತರೂ ಒಂದು ಚಿತ್ರ ಮರೆಯುವುದಿಲ್ಲ: ಕೆಳಗೆ ಹುಲ್ಲು, ಮೇಲೆ ಮಿಡತೆ, ಅದರ ಮೇಲೆ ಕಪ್ಪೆ, ತುದಿಯಲ್ಲಿ ಹದ್ದು, ಶಕ್ತಿಯ ಹತ್ತರಲ್ಲೊಂದು ಪಾಲು ಮಾತ್ರ ಮೇಲೇರುತ್ತದೆ ಎನ್ನುವ, ಮೆಟ್ಟಿಲಿಗೊಂದು ಶೇ. 10ರ ಬಾಣ. ಪರಿಸರ ಶಿಕ್ಷಣದ ಬಗ್ಗೆ 1991ರ ಸುಪ್ರೀಂ ಕೋರ್ಟ್ ಆದೇಶ, ಅದರ ಫಲವಾಗಿ ಮುಂದೆ ಬಂದ ಯುಜಿಸಿಯ 50 ಉಪನ್ಯಾಸಗಳ ಪಠ್ಯಕ್ರಮ, ಅದಕ್ಕಾಗಿ ಏರಕ್ ಭರೂಚಾ ಬರೆದ ಪುಸ್ತಕ, ಇವೆಲ್ಲ ಗೊತ್ತಿದ್ದದ್ದೇ. ನನ್ನ ತಕರಾರು ಆ ಪಿರಮಿಡ್ಡಿನ ಬಗ್ಗೆ. ಗಳಿಸಿದ ಹೆಸರಿಗೆ ತಕ್ಕ ಕೆಲಸವನ್ನು ಅದು ಮಾಡುತ್ತಿಲ್ಲ.

ಮೂಲಕ್ಕೇ ಹೋಗೋಣ. ರೇಮಂಡ್ ಲಿಂಡೆಮನ್ ಅಮೆರಿಕದ ಮಿನ್ನೆಸೋಟದ ಸೀಡರ್ ಬಾಗ್ ಎಂಬ ಪುಟ್ಟ ಕೆರೆಯನ್ನು ಅಳೆದು ಬರೆದ ಪ್ರಬಂಧ 1942ರಲ್ಲಿ, ಆತ ತೀರಿಕೊಂಡ ಮೇಲೆ, ಅಚ್ಚಾಯಿತು. ಸಸ್ಯಾಹಾರಿಗಳಲ್ಲಿ ಆತ ಕಂಡ ದಕ್ಷತೆ ಶೇ. 13.3, ಅವನ್ನು ತಿನ್ನುವವುಗಳಲ್ಲಿ ಶೇ. 22.3. ಎಲ್ಲ ಮೆಟ್ಟಿಲಿಗೂ ಹತ್ತೆಂದು ದುಂಡಗೆ ಮಾಡಿದ್ದು ನಂತರದವರ ಅನುಕೂಲಕ್ಕೆ. ಇದು ಹೋಗಲಿ ಎನ್ನಬಹುದು. ಆದರೆ ಆತನ ಆಹಾರಚಕ್ರದ ಚಿತ್ರದಲ್ಲಿ ನಟ್ಟನಡುವೆ ಇರುವುದು ಮೀನಲ್ಲ, ಪಾಚಿಯಲ್ಲ, ಕೆರೆಯ ಕೆಸರು. ಸತ್ತದ್ದೆಲ್ಲ ಅಲ್ಲಿಗೆ ಇಳಿಯುತ್ತದೆ, ಬ್ಯಾಕ್ಟೀರಿಯಗಳು ಕೊಳೆಸುತ್ತವೆ, ಪೋಷಕಾಂಶ ಮತ್ತೆ ನೀರು ಸೇರುತ್ತದೆ. ನಾವು ಮೆಟ್ಟಿಲುಗಳನ್ನು ಇಟ್ಟುಕೊಂಡು ಕೆಸರನ್ನು ಬಳಿದು ಚೆಲ್ಲಿದೆವು.

ಯುಜಿಸಿಯ ಆ ಪಠ್ಯಕ್ರಮದ ಮೂರನೇ ಘಟಕದಲ್ಲಿ ಶಕ್ತಿಯ ಹರಿವು, ಆಹಾರ ಸರಪಳಿ, ಪಿರಮಿಡ್ಡು ಹೆಸರು ಹಿಡಿದು ಬಂದಿದ್ದವು. ಪೋಷಕಾಂಶಗಳ ಚಕ್ರಕ್ಕೆ ಆ ಭಾಗ್ಯವಿರಲಿಲ್ಲ. ಭರೂಚಾ ನೀರು, ಇಂಗಾಲ, ಆಮ್ಲಜನಕ, ಸಾರಜನಕಗಳ ಚಕ್ರವನ್ನು ತಾವಾಗಿ ಸೇರಿಸಿದ್ದಾರೆ, ಮೆಚ್ಚಬೇಕು. ಸೇರಿಸಿದ್ದು ಮಾತ್ರ ಶಕ್ತಿಯ ಹರಿವಿನ ಅಡಿಯಲ್ಲಿ. ಸಾಲದ್ದಕ್ಕೆ ಶಕ್ತಿಗೂ ಒಂದು ಚಕ್ರ. ಶಾಖವಾಗಿ ಚದುರಿಹೋಗುವ ಶಕ್ತಿ ತಿರುಗಿ ಬರುವುದಿಲ್ಲ. ತಿರುಗಿ ಬರುವ ರಂಜಕಕ್ಕೆ ಅಲ್ಲಿ ಒಂದು ಭಾಗವೂ ಇಲ್ಲ.

ರಂಜಕ ಬಿಟ್ಟರೆ ಬೆಂಗಳೂರಿನ ಶಿವಾಜಿನಗರವನ್ನು ವಿವರಿಸುವುದು ಹೇಗೆ? ರಸೆಲ್ ಮಾರ್ಕೆಟ್ಟಿನ ಆಸುಪಾಸು ಬೆಳಿಗ್ಗೆ ಹೂಕೋಸಿನ ಎಲೆ, ಒಡೆದ ಟೊಮೆಟೊ ಬಿದ್ದಿರುತ್ತವೆ. ಮೇಕೆ ಮೆದ್ದು ಬಿಟ್ಟದ್ದು ಕೊಳೆತು ಮೋರಿ ಸೇರುತ್ತದೆ. ಊರು ತಿಂದದ್ದು ಒಳಚರಂಡಿ ಹಿಡಿಯುತ್ತದೆ. ಶಿವಾಜಿನಗರವಿರುವ ದಂಡು ಪ್ರದೇಶದ ಪೂರ್ವದ ಇಳಿಜಾರಿನ ನೀರು ಹಲಸೂರು ಕೆರೆಗೆ, ಮುಂದೆ ಬೆಳ್ಳಂದೂರು ಕೆರೆಗೆ ಹರಿಯುತ್ತದೆ. ಸಾರಜನಕದಂತೆ ಗಾಳಿಗೆ ಹಾರಿಹೋಗುವ ದಾರಿ ರಂಜಕಕ್ಕಿಲ್ಲ; ಅದು ತಳದಲ್ಲೇ ಜಮೆಯಾಗುತ್ತದೆ, ಪಾಚಿ ಉಕ್ಕುತ್ತದೆ. ರಾತ್ರಿ ಆ ಪಾಚಿಯ ಉಸಿರಾಟ, ಜೊತೆಗೆ ಕೊಳೆಸುವ ಬ್ಯಾಕ್ಟೀರಿಯಗಳ ಹಸಿವು, ಎರಡೂ ನೀರಿನ ಆಮ್ಲಜನಕವನ್ನು ಹೀರುತ್ತವೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದವು. ಪಿರಮಿಡ್ಡನ್ನು ನಂಬಿದರೆ ತಳದಲ್ಲಿ ಪಾಚಿ ಹೆಚ್ಚಿದಷ್ಟೂ ಮೇಲೆ ಮೀನು ಹೆಚ್ಚಬೇಕು!

ಇನ್ನೂ ಇದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆ ಹಲಸೂರು, ಬೆಳ್ಳಂದೂರು ಇರುವ ಈ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರನ್ನು ಕೋಲಾರದ ಕೆರೆಗಳಿಗೆ ಹತ್ತಿಸುತ್ತಿದೆ. ಗುರಿ ದಿನಕ್ಕೆ 44 ಕೋಟಿ ಲೀಟರ್. ಎರಡನೇ ಹಂತದ ಸಂಸ್ಕರಣೆ ಸಾವಯವ ಕೊಳೆಯನ್ನು ಬಹುಪಾಲು ತೆಗೆಯುತ್ತದೆ, ರಂಜಕವನ್ನು ಅಷ್ಟಾಗಿ ಅಲ್ಲ. ಕೋಲಾರದ ಹೊಲದಿಂದ ಟೊಮೆಟೊ ಜೊತೆ ಬಂದದ್ದು ಕೋಲಾರಕ್ಕೇ ಮರಳುತ್ತಿದೆ, ಹೊಲದ ಬದಲು ಕೆರೆಗೆ. ಅದು ಗೊಬ್ಬರವೋ ಪಿಡುಗೋ ಎಂಬ ಜಗಳಕ್ಕೆ ಇಳಿಯುವವನಿಗೆ ಶೇ. 10ರ ಬಾಣ ಏನು ಸಹಾಯ ಮಾಡೀತು?

ಪರಿಸರ ಅಧ್ಯಯನದ ಈ ಪಠ್ಯವನ್ನು ಟೀಕಿಸುವವರಿಗೂ ಎರಡು ಮಾತು. ಒಬ್ಬರು ‘ಪುಸ್ತಕ ಬಿಡಿ, ಮಕ್ಕಳನ್ನು ಹೊರಗೆ ಕರೆದೊಯ್ಯಿರಿ’ ಎನ್ನುತ್ತಾರೆ. ಕ್ಷೇತ್ರಕಾರ್ಯ ಆ 50 ಉಪನ್ಯಾಸಗಳ ಪಠ್ಯಕ್ರಮದಲ್ಲೇ ಎಂಟನೇ ಘಟಕವಾಗಿ ಇತ್ತು. ತಲೆಯಲ್ಲಿ ಪಿರಮಿಡ್ಡು ಹೊತ್ತು ಹಲಸೂರಿಗೆ ಹೋದವನು ನೀರುಕಾಗೆ ಎಣಿಸಿ ವಾಪಸು ಬರುತ್ತಾನೆ, ಮೋರಿಯ ಬಾಯನ್ನು ನೋಡುವುದಿಲ್ಲ. ಇನ್ನೊಬ್ಬರಿಗೆ ವಿಜ್ಞಾನವೇ ಬೇಡ, ರಾಜಕೀಯ ಸಾಕು. ಯಾರ ಕೊಳೆ ಯಾರ ಕೆರೆಗೆ ಎಂಬುದಕ್ಕಿಂತ ದೊಡ್ಡ ರಾಜಕೀಯ ಯಾವುದು? ಅದನ್ನು ಲೆಕ್ಕ ಹಾಕಲು ಬಾರದವನ ರಾಜಕೀಯ ಬರೀ ಘೋಷಣೆ.

ಪಿರಮಿಡ್ಡಿಗೂ ಗುಣವಿದೆ. ಕಾಡಿನಲ್ಲಿ ಹುಲಿ ಯಾಕೆ ಕಡಿಮೆ ಎಂದು ಅದು ಚೆನ್ನಾಗಿ ಹೇಳುತ್ತದೆ. ಅಷ್ಟಕ್ಕೆ ಅರ್ಧ ಪುಟ ಧಾರಾಳ. ಮಿಕ್ಕ ಪುಟಗಳನ್ನು ಕೆಸರಿಗೆ ಕೊಡಿ, ಪರೀಕ್ಷೆಯಲ್ಲಿ ಹದ್ದನ್ನು ಬಿಟ್ಟು ಒಂದು ಟೊಮೆಟೊದ ರಂಜಕ ಕೊನೆಗೆ ಎಲ್ಲಿ ಸೇರಿತು ಎಂದು ಕೇಳಿ.