ಸಾಕ್ಷಿ ಊರಲ್ಲಿ, ತೀರ್ಪು ಶಿರಸಿಯಲ್ಲಿ

ಅರಣ್ಯ ಹಕ್ಕು ಕಾಯ್ದೆಯ ಉಪವಿಭಾಗ ಸಮಿತಿಗಳು ಏನು ಮಾಡಿದವು, ಏನು ಮಾಡಬೇಕಿತ್ತು ಎಂದು ಕೇಳುವ ಹಕ್ಕು ಮಲೆನಾಡಿನ ಜನರಿಗಿದೆ. 2006ರ ಈ ಕಾಯ್ದೆ ಜಾರಿಯಾದದ್ದು 2007ರ ಡಿಸೆಂಬರ್ 31ರಂದು. ಅರಣ್ಯ ಭೂಮಿಯ ಹಕ್ಕು ಕೋರಿ ಉತ್ತರ ಕನ್ನಡ ಜಿಲ್ಲೆಯೊಂದರಿಂದಲೇ 80 ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದವು. ಅವುಗಳಲ್ಲಿ ಬಹುಪಾಲು ತಿರಸ್ಕೃತವಾದವು. ಅರ್ಜಿಗಳನ್ನು ಬೆಂಗಳೂರಿಗೆ ಒಯ್ಯದೆ ಗ್ರಾಮಸಭೆ, ಉಪವಿಭಾಗ, ಜಿಲ್ಲೆ ಎಂದು ಮೂರು ಮೆಟ್ಟಿಲಲ್ಲಿ ತೀರ್ಮಾನಿಸುವ ಏರ್ಪಾಡು ಒಳ್ಳೆಯದೇ. ಆದರೆ ಹತ್ತಿರಕ್ಕೆ ಬಂದ ಸಮಿತಿ ಹತ್ತಿರದವರ ಮಾತನ್ನು ಸಾಕ್ಷಿ ಎಂದು ಒಪ್ಪಲಿಲ್ಲ. ಇಡೀ ವ್ಯವಸ್ಥೆ ಸೋತದ್ದು ಅಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೇಡ್ತಿ ಹೊಳೆ ಮಾಗೋಡಿನಲ್ಲಿ ಧುಮುಕುವುದನ್ನು ನೋಡಲು ಬರುವವರಿಗೆ ಸುತ್ತ ಕಾಣುವುದೆಲ್ಲ ಕಾಡು. ಅಲ್ಲಿಯವರಿಗೆ ಮಾತ್ರ ಅದರೊಳಗಿನ ಗೆರೆಗಳು ಗೊತ್ತು: ಇದು ತೋಟ, ಇದು ಸೊಪ್ಪಿನಬೆಟ್ಟ, ಇದು ಫಾರೆಸ್ಟಿನವರದು, ಇದು ಅತಿಕ್ರಮಣ. ಯಲ್ಲಾಪುರ, ಶಿರಸಿ, ಸಿದ್ದಾಪುರ ಮೂರೂ ತಾಲೂಕುಗಳಲ್ಲಿ ಇದೇ ಚಿತ್ರ. ಅಡಿಕೆ ತೋಟದವರಿಗೆ ಸೊಪ್ಪು ಕೊಯ್ಯುವ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಲ್ಲೇ ದಾಖಲೆಗೆ ಸೇರಿತು. ಆ ತೋಟಗಳಲ್ಲಿ ದುಡಿದವರಿಗೆ, ಕುಮರಿ ಎಂಬ ಅಲೆಮಾರಿ ಬೇಸಾಯಕ್ಕೆ ಕಾಡು ಕಡಿದು ರಾಗಿ ಬೆಳೆಯುತ್ತಿದ್ದ ಕುಣಬಿಗಳಿಗೆ, ಎಮ್ಮೆ ಕಟ್ಟಿಕೊಂಡು ಕಾಡಂಚಿನಲ್ಲಿ ನೆಲೆ ನಿಂತ ಗೌಳಿಗಳಿಗೆ ಯಾರೂ ಕಾಗದ ಬರೆದುಕೊಡಲಿಲ್ಲ. ಕುಮರಿಯನ್ನಂತೂ ಹತ್ತೊಂಬತ್ತನೇ ಶತಮಾನದಲ್ಲೇ ಸರ್ಕಾರ ಹತ್ತಿಕ್ಕಿತು. ಇಂದು ಅದೇ ಮನೆತನಗಳ ಮೊಮ್ಮಕ್ಕಳನ್ನು ದಾಖಲೆ ತನ್ನಿ ಎಂದು ಕೇಳುತ್ತಿದ್ದೇವೆ.

ಸಕ್ರಮದ ಮಾತು ಈ ಸೀಮೆಗೆ ಹೊಸದಲ್ಲ. 1978ರ ಏಪ್ರಿಲ್ 27ಕ್ಕಿಂತ ಹಿಂದಿನ ಅತಿಕ್ರಮಣವನ್ನು ಬಿಟ್ಟುಕೊಡುವುದೆಂದು ರಾಜ್ಯ ಹೇಳಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಅಧಿಕಾರ ಕೇಂದ್ರದ ಕೈಗೆ ಹೋಯಿತು. 2002ರ ಮೇ 3ರಂದು ಕೇಂದ್ರದಿಂದ ಒಕ್ಕಲೆಬ್ಬಿಸುವ ಸೂಚನೆ ಹೊರಟಿತು. ಅದರ ವಿರುದ್ಧ ದೇಶದುದ್ದಕ್ಕೂ ಎದ್ದ ಕೂಗಿನಿಂದ 2006ರ ಕಾಯ್ದೆ ಹುಟ್ಟಿತು. ಅರಣ್ಯವಾಸಿಗಳಿಗೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಕಾಯ್ದೆಯ ಪೀಠಿಕೆಯೇ ಒಪ್ಪಿಕೊಳ್ಳುತ್ತದೆ. ತಪ್ಪು ತನ್ನದೆಂದು ಒಪ್ಪಿದ ಸರ್ಕಾರ ಅರ್ಜಿದಾರನನ್ನು ಅಪರಾಧಿಯಂತೆ ನಿಲ್ಲಿಸಿ ಪ್ರಶ್ನಿಸಬಾರದಿತ್ತು.

ತಿರಸ್ಕಾರಕ್ಕೆ ಹೆಚ್ಚಾಗಿ ಬಳಕೆಯಾದ ಅಸ್ತ್ರ 75 ವರ್ಷದ ಷರತ್ತು. ಪರಿಶಿಷ್ಟ ಪಂಗಡದವರಿಗೆ ಅದು ಇಲ್ಲ. ಇತರೆ ಪಾರಂಪರಿಕ ಅರಣ್ಯವಾಸಿಗಳಿಗೆ ಮಾತ್ರ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದರಿಂದ ಈ ಗಂಡಾಂತರದಿಂದ ಪಾರಾದರು. ಪಕ್ಕದ ಮನೆಯ ಗೌಳಿ, ಕುಣಬಿ, ಘಟ್ಟದ ಕೆಳಗಿನ ಹಾಲಕ್ಕಿ ಸಿಕ್ಕಿಬಿದ್ದರು. ಅಷ್ಟಕ್ಕೂ ಕಾಯ್ದೆ ಹೇಳುವುದೇನು? 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ತಲೆಮಾರಿಗೆ 25 ವರ್ಷದಂತೆ, ಆ ಕುಟುಂಬ ಕಾಡಿನಲ್ಲಿ ವಾಸವಿದ್ದು ಕಾಡನ್ನು ನೆಚ್ಚಿ ಬದುಕಿರಬೇಕು. ಸಾಗುವಳಿ ಜಮೀನಾದರೋ ಆ ದಿನಾಂಕಕ್ಕೆ ಮುಂಚೆ ಸ್ವಾಧೀನದಲ್ಲಿದ್ದರೆ ಸಾಕು. ವಾಸಕ್ಕೆ ಒಂದು ಅಳತೆ, ಜಮೀನಿಗೆ ಇನ್ನೊಂದು. ಇವೆರಡನ್ನೂ ಕಲಸಿ, ಇದೇ ತುಂಡು ನೆಲವನ್ನು 75 ವರ್ಷದಿಂದ ಉಳುತ್ತಿರುವುದಕ್ಕೆ ಕಾಗದ ಕೊಡಿ ಎಂದು ಕೇಳುವುದು ಕಾಯ್ದೆಯ ಓದಲ್ಲ, ಕಾಯ್ದೆಯ ತಿದ್ದುಪಡಿ. ಅಂಥ ತಿದ್ದುಪಡಿ ಮಾಡುವ ಅಧಿಕಾರ ಯಾವ ಸಮಿತಿಗೂ ಇಲ್ಲ.

75 ವರ್ಷ ಎಂದರೆ 1930. ಈ ಸೀಮೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲ. ಸಿದ್ದಾಪುರ, ಅಂಕೋಲೆಗಳಲ್ಲಿ ಕರನಿರಾಕರಣೆ ಕಾವೇರುತ್ತಿದ್ದ ಹೊತ್ತು. ಆಗಿನ ಕಂದಾಯ ದಾಖಲೆಯಲ್ಲಿ ಹೆಸರಿದ್ದದ್ದು ಕಂದಾಯ ಕಟ್ಟುವವರದು. ಕೂಲಿಗೆ ಹೋಗುತ್ತಿದ್ದವನ ಹೆಸರು ಎಲ್ಲಿಯೂ ಇಲ್ಲ. ಇದನ್ನು ತಿಳಿದೇ ನಿಯಮ ರೂಪಿಸಿದವರು 13ನೇ ನಿಯಮದಲ್ಲಿ ದಾರಿ ಬಿಟ್ಟಿದ್ದಾರೆ. ಊರ ಹಿರಿಯರ ಹೇಳಿಕೆ ಬರೆದುಕೊಂಡರೆ ಅದು ಸಾಕ್ಷಿ. ಮನೆಯ ಪಾಯ, ಸಮತಟ್ಟು ಮಾಡಿದ ನೆಲ, ಕಟ್ಟಿದ ಒಡ್ಡು ಸಾಕ್ಷಿ. ಗ್ಯಾಸೆಟಿಯರ್ ಕೂಡ ಸಾಕ್ಷಿ; 1883ರ ಕೆನರಾ ಗ್ಯಾಸೆಟಿಯರ್‌ನಲ್ಲಿ ಈ ಸಮುದಾಯಗಳ, ಕುಮರಿಯ ವಿವರಗಳಿವೆ. ಇಂಥದೇ ದಾಖಲೆ ಬೇಕೆಂದು ಮೇಲಿನ ಸಮಿತಿಗಳು ಹಟ ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿ ಬಿಡಿಸಿ ಹೇಳಿತು. ಇಷ್ಟೆಲ್ಲ ಇದ್ದೂ ಎಂಬತ್ತು ದಾಟಿದ ಅಜ್ಜಿಯ ಮಾತಿಗಿಂತ ಮಾಸಿದ ದಂಡದ ರಸೀತಿಗೆ ಬೆಲೆ ಹೆಚ್ಚಾಯಿತು.

ಇಂದು ಉಪವಿಭಾಗ ಸಮಿತಿಯ ಅಧ್ಯಕ್ಷರಾಗಿರುವ ಉಪವಿಭಾಗಾಧಿಕಾರಿಯ (ಎಸಿ) ಅಧ್ಯಕ್ಷತೆಯಲ್ಲೇ ಇದೇ ತಾಲೂಕುಗಳಲ್ಲಿ ಹಿಂದೊಮ್ಮೆ ಬೇರೊಂದು ಮಂಡಳಿ ಕೂತಿತ್ತು. ದೇವರಾಜ ಅರಸರ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ರಚನೆಯಾದ ಭೂನ್ಯಾಯ ಮಂಡಳಿ ಅದು. ಎಸಿಯವರ ಜೊತೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟರು. ವಕೀಲರಿಗೆ ಪ್ರವೇಶವಿರಲಿಲ್ಲ. ಗೇಣಿದಾರ 7ನೇ ನಮೂನೆಯ ಅರ್ಜಿ ಹಿಡಿದು ಬಂದು ತನ್ನ ಮಾತಲ್ಲೇ ಹೇಳಿಕೊಳ್ಳುತ್ತಿದ್ದ. ಅವನಿಗೂ ಗೇಣಿ ಚೀಟಿ ಇರುತ್ತಿದ್ದದ್ದು ಅಪರೂಪ. ಆದರೆ ಗದ್ದೆ ಯಾರು ಮಾಡುತ್ತಿದ್ದರು, ಗೇಣಿ ಭತ್ತ ಯಾರ ಅಂಗಳಕ್ಕೆ ಹೋಗುತ್ತಿತ್ತು ಎಂಬುದು ನೆರೆಹೊರೆಗೆಲ್ಲ ಗೊತ್ತಿದ್ದ ಸಂಗತಿ, ಸ್ಥಳೀಯ ಸದಸ್ಯರಿಗೂ ಗೊತ್ತಿತ್ತು. ಆ ಮಂಡಳಿಗಳಲ್ಲಿ ಪಕ್ಷ ರಾಜಕೀಯವಿತ್ತು, ಅವಸರದ ತೀರ್ಪುಗಳಿದ್ದವು. ಎಷ್ಟೋ ಆದೇಶಗಳನ್ನು ಹೈಕೋರ್ಟ್ ಮರುವಿಚಾರಣೆಗೆ ಕಳಿಸಿತು. ಹಾಗಿದ್ದೂ ಉತ್ತರ ಕನ್ನಡದ ಒಕ್ಕಲುಗಳು ಭೂಮಿಯ ಒಡೆಯರಾದದ್ದು ಆ ಮಂಡಳಿಗಳಿಂದಲೇ. ಬಾಯಿಮಾತಿನ ಸಾಕ್ಷ್ಯಕ್ಕೆ ಅಲ್ಲಿ ತೂಕವಿತ್ತು. ಎದುರು ನಿಂತದ್ದು ಭೂಮಾಲೀಕನಾಗಿದ್ದಾಗ ಕೊಟ್ಟ ನಂಬಿಕೆಯನ್ನು, ಅರಣ್ಯ ಇಲಾಖೆ ಎದುರಾದಾಗ ಸರ್ಕಾರ ಹಿಂತೆಗೆದುಕೊಂಡಿತೇ?

ಈಗಿನ ಸಮಿತಿಯ ರಚನೆಯಲ್ಲೇ ಒಂದು ದೊಡ್ಡ ತೂತು ಬಿದ್ದಿದೆ. ಉಪವಿಭಾಗ ಸಮಿತಿಯಲ್ಲಿ ಮೂವರು ತಾಲೂಕು ಪಂಚಾಯತಿ ಸದಸ್ಯರು, ಜಿಲ್ಲಾ ಸಮಿತಿಯಲ್ಲಿ ಮೂವರು ಜಿಲ್ಲಾ ಪಂಚಾಯತಿ ಸದಸ್ಯರು ಇರಬೇಕು. ಕರ್ನಾಟಕದಲ್ಲಿ ಈ ಎರಡೂ ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಚುನಾಯಿತರಿಲ್ಲದ ಮೇಲೆ ಉಳಿಯುವುದು ಕಂದಾಯ, ಅರಣ್ಯ, ಬುಡಕಟ್ಟು ಕಲ್ಯಾಣ ಇಲಾಖೆಗಳ ಅಧಿಕಾರಿಗಳು. ಆ ಅಧಿಕಾರಿಗಳು ಎಷ್ಟೇ ಪ್ರಾಮಾಣಿಕರಾಗಿದ್ದರೂ ಅದು ಕಾಯ್ದೆ ಹೇಳಿದ ಸಮಿತಿ ಆಗದು. ಶಿರಸಿ ಉಪವಿಭಾಗದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡು ಎಂಬ ನಾಲ್ಕು ತಾಲೂಕುಗಳಿವೆ. ಮಾಗೋಡಿನ ಕಡೆಯ ಕೂಲಿಯವನೊಬ್ಬ ಒಂದು ವಿಚಾರಣೆಗೆ ಶಿರಸಿಗೆ ಹೋಗಿ ಬರಲು ಒಂದು ದಿನದ ದುಡಿಮೆ ಬಿಡಬೇಕು. ಸಮಿತಿಯೇ ಪಂಚಾಯತಿ ಕಟ್ಟೆಗೆ ಬಂದರೆ ಹಿರಿಯರೂ ಸಿಗುತ್ತಾರೆ, ನೆಲವೂ ಕಣ್ಣೆದುರಿಗಿರುತ್ತದೆ.

ಸಮಿತಿ ಜನರಿದ್ದಲ್ಲಿಗೇ ಹೋಗಿ ಆಲಿಸಿದ ಉದಾಹರಣೆಯುಂಟು. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಕಾಲದ ರಾಜಕೀಯ ಅಪರಾಧಗಳಿಗೆ ಕ್ಷಮಾದಾನ ಕೇಳಿ 7,112 ಅರ್ಜಿಗಳು ಬಂದವು. 849 ಮಂದಿಗೆ ಕ್ಷಮೆ ಸಿಕ್ಕಿತು. ಅಲ್ಲಿನ ಸಮಿತಿ ಊರೂರಿಗೆ ಹೋಗಿ ಗಂಭೀರ ಪ್ರಕರಣಗಳನ್ನು ಬಹಿರಂಗವಾಗಿ ಆಲಿಸಿತು, ತೀರ್ಪುಗಳನ್ನು ಪ್ರಕಟಿಸಿತು. ಕೊಲೆಗಾರರಿಗೂ ಸಿಕ್ಕ ಈ ಮರ್ಯಾದೆ ಎರಡೆಕರೆ ಭತ್ತ ಬೆಳೆದವನಿಗೆ ನಮ್ಮಲ್ಲಿ ಸಿಗಲಿಲ್ಲ. 2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್ ಅರ್ಜಿ ತಿರಸ್ಕೃತರಾದವರನ್ನು ತೆರವುಗೊಳಿಸಲು ಆದೇಶಿಸಿದಾಗ, ಎಷ್ಟೋ ತಿರಸ್ಕಾರಗಳಿಗೆ ಕಾರಣವನ್ನೇ ಕೊಟ್ಟಿಲ್ಲ, ಅರ್ಜಿದಾರರಿಗೆ ತಿಳಿಸಿಯೂ ಇಲ್ಲ ಎಂದು ಕೇಂದ್ರ ಸರ್ಕಾರವೇ ನ್ಯಾಯಾಲಯಕ್ಕೆ ಹೇಳಬೇಕಾಯಿತು. ಫೆಬ್ರುವರಿ 28ರಂದು ಆ ಆದೇಶಕ್ಕೆ ತಡೆ ಬಂತು.

ಕಾಡಿನ ಬಗ್ಗೆ ಕಾಳಜಿಯಿರುವವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. 1983ರಲ್ಲಿ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ಕೊಡಲಿ ತಡೆದ ನಾಡು ಇದು. 2005ರ ನಂತರ ದುಡ್ಡಿನ ಬಲದಿಂದ ಕಾಡು ಕಡಿದು ತೋಟ ಎಬ್ಬಿಸಿದವರಿಗೆ ಒಂದು ಗುಂಟೆಯೂ ಸಿಗಬಾರದು. ಆದರೆ ಅಂಥವರನ್ನು ಬೇರ್ಪಡಿಸಲು ಆಗುವುದು ಊರಿನವರಿಗೆ ಮಾತ್ರ, ಏಕೆಂದರೆ ಯಾರ ಬೇಲಿ ಯಾವಾಗ ಸರಿಯಿತು ಎಂಬುದು ಅವರಿಗೆ ಗೊತ್ತು. ಸಾರಾಸಗಟು ತಿರಸ್ಕಾರದಿಂದ ಹಳೆಯ ಬಡ ಸಾಗುವಳಿದಾರನೂ ಹೊಸ ಕಬಳಿಕೆದಾರನೂ ಒಂದೇ ಪಟ್ಟಿಗೆ ಸೇರಿ, ಲಾಭ ಎರಡನೆಯವನಿಗೇ ಆಗುತ್ತದೆ. ಕಾಡನ್ನು ಕಾಯುವ ಅಧಿಕಾರವನ್ನೂ ಇದೇ ಕಾಯ್ದೆಯ 5ನೇ ಕಲಮು ಗ್ರಾಮಸಭೆಗೆ ಕೊಟ್ಟಿದೆ. ನಮ್ಮ ಚರ್ಚೆಗಳಲ್ಲಿ ಅದರ ಸುದ್ದಿಯೇ ಇಲ್ಲ.

ನಿಮ್ಮ ಮನೆಯ, ನಿಮ್ಮೂರಿನ ಯಾರದಾದರೂ ಅರ್ಜಿ ತಿರಸ್ಕೃತವಾಗಿದ್ದರೆ ಕಾರಣವನ್ನು ಬರೆಹದಲ್ಲಿ ಕೇಳಿ ಪಡೆಯಿರಿ. ಉಪವಿಭಾಗ ಸಮಿತಿಯ ನಿರ್ಣಯದ ವಿರುದ್ಧ 60 ದಿನಗಳೊಳಗೆ ಜಿಲ್ಲಾ ಸಮಿತಿಗೆ ಮನವಿ ಸಲ್ಲಿಸಬಹುದು. ಅಹವಾಲು ಕೇಳದೆ ಅದನ್ನು ತಳ್ಳಿಹಾಕಲು ಬರುವುದಿಲ್ಲ. ಹಿರಿಯರ ಹೇಳಿಕೆಯನ್ನು ಅವರಿರುವಾಗಲೇ ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿಡಿ.