ಟ್ಯೂಬಿಂಗನ್‌ನಿಂದ ಜಾಮ್‌ಖೇಡ್‌ಗೆ

ಮೈಸೂರಿನವರ ಬಾಯಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಇವತ್ತಿಗೂ ‘ಮಿಷನ್ ಆಸ್ಪತ್ರೆ’ಯೇ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಹೋಮಿಯೋಪತಿ ಔಷಧಿ ಹಂಚುತ್ತ ಶುರುಮಾಡಿದ ಕೆಲಸ ಈಗ ದೊಡ್ಡ ವೈದ್ಯಕೀಯ ಕಾಲೇಜು. ಇಂಥ ಸಂಸ್ಥೆಗಳ ಬಗ್ಗೆ ನಮ್ಮಲ್ಲಿ ಎರಡೇ ಬಗೆಯ ಮಾತು: ಸೇವೆಯೆಂಬ ಹೊಗಳಿಕೆ, ಮತಾಂತರವೆಂಬ ಗುಮಾನಿ. ಈ ಗಲಾಟೆಯಲ್ಲಿ ಕ್ರೈಸ್ತ ವೈದ್ಯಚಿಂತನೆ ತನ್ನ ಆಸ್ಪತ್ರೆಗಳನ್ನು ತಾನೇ ಎಷ್ಟು ಖಾರವಾಗಿ ಪ್ರಶ್ನಿಸಿಕೊಂಡಿತು ಎಂಬುದು ಯಾರ ಕಿವಿಗೂ ಬಿದ್ದಂತಿಲ್ಲ.

1964ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಚರ್ಚುಗಳ ಪ್ರತಿನಿಧಿಗಳೂ ವೈದ್ಯರೂ ಸೇರಿದಾಗ ವಸಾಹತುಗಳ ಕಾಲ ಮುಗಿಯುತ್ತಿತ್ತು. ಹೊಸ ಸರ್ಕಾರಗಳು ತಮ್ಮದೇ ಆಸ್ಪತ್ರೆ ಕಟ್ಟುತ್ತಿದ್ದವು, ಮಿಷನ್‌ಗಳ ಖರ್ಚು ಏರುತ್ತಲೇ ಇತ್ತು. ಹಾಗಾದರೆ ಚರ್ಚಿಗೆ ಆಸ್ಪತ್ರೆ ಯಾಕೆ ಬೇಕು? ಅಲ್ಲಿ ಸಿಕ್ಕ ಉತ್ತರ ವೈದ್ಯರಿಗೆ ಮುಜುಗರ ತರುವಂಥದು: ಗುಣಪಡಿಸುವುದು ಇಡೀ ಸಭೆಯ, ಅಂದರೆ ಕ್ರೈಸ್ತ ಸಮುದಾಯದ, ಹೊಣೆ, ಬಿಳಿ ಕೋಟಿನವರಿಗಷ್ಟೇ ಗುತ್ತಿಗೆ ಕೊಟ್ಟದ್ದಲ್ಲ. 1968ರಲ್ಲಿ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್‌ನ ಅಡಿಯಲ್ಲಿ ಜಿನೀವಾದಲ್ಲಿ ಕ್ರಿಶ್ಚಿಯನ್ ಮೆಡಿಕಲ್ ಕಮಿಷನ್ ಹುಟ್ಟಿತು. ಅದರ ನಿರ್ದೇಶಕ ಜೇಮ್ಸ್ ಮೆಕ್‌ಗಿಲ್ವ್ರೇ ವೆಲ್ಲೂರಿನ ಆಸ್ಪತ್ರೆಯ ಆಡಳಿತ ನೋಡಿ ಬಂದವರು. ಮಿಷನ್ ಆಸ್ಪತ್ರೆಯ ಒಳಗನ್ನು ಬಲ್ಲವರು. ಚರ್ಚುಗಳ ಹಣ ಬಹುಪಾಲು ಹಾಸಿಗೆ, ಶಸ್ತ್ರಚಿಕಿತ್ಸೆಗಳಿಗೇ ಹೋಗುತ್ತಿದೆ, ಆಸ್ಪತ್ರೆ ಸೇರುವ ಎಷ್ಟೋ ಕಾಯಿಲೆಗಳು ತಡೆಯಬಹುದಾದವು ಎಂದು ಕಮಿಷನ್ ಕಂಡುಕೊಂಡಿತು.

ಜಿನೀವಾದಲ್ಲೇ ಇದ್ದ ವಿಶ್ವ ಆರೋಗ್ಯ ಸಂಸ್ಥೆಗೆ 1973ರಲ್ಲಿ ಹಾಫ್‌ಡನ್ ಮಾಹ್ಲರ್ ಮುಖ್ಯಸ್ಥರಾದರು. ಡೆನ್ಮಾರ್ಕಿನ ಬ್ಯಾಪ್ಟಿಸ್ಟ್ ಪಾದ್ರಿಯೊಬ್ಬರ ಮಗ. ಭಾರತದ ಕ್ಷಯರೋಗ ಕಾರ್ಯಕ್ರಮದಲ್ಲಿ ವರ್ಷಗಟ್ಟಲೆ ದುಡಿದವರು, ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಆರಂಭದ ದಿನಗಳ ನಂಟುಳ್ಳವರು. ಎರಡು ಕಚೇರಿಗಳ ನಡುವಿನ ಓಡಾಟ, ಪ್ರಾಥಮಿಕ ಆರೋಗ್ಯವನ್ನು ಮುಂದಿಟ್ಟ 1978ರ ಆಲ್ಮಾ ಆಟಾ ಘೋಷಣೆಗೆ ನೆಲ ಹದಮಾಡಿತು. ‘ಪ್ರಾಥಮಿಕ ಆರೋಗ್ಯ’ ಎಂಬ ಸರ್ಕಾರಿ ಮಾತಿನ ಹಿಂದೆ ಒಂದು ದೇವಶಾಸ್ತ್ರೀಯ ಜಗಳವೂ ಇದೆ.

ಆದರೆ ಟ್ಯೂಬಿಂಗನ್ನಿನ ಮಾತಿನಲ್ಲೇ ಒಂದು ತೊಡಕಿತ್ತು. ಸಭೆ ಅಂದರೆ ಯಾರು? ಕ್ರೈಸ್ತರು ಜನಸಂಖ್ಯೆಯಲ್ಲಿ ನೂರಕ್ಕೆ ಮೂವರೂ ಇಲ್ಲದ ಭಾರತದಲ್ಲಿ ಸಭೆಯೇ ವೈದ್ಯನಾದರೆ ಉಳಿದವರ ಪಾಡೇನು? ಉತ್ತರ ಬಂದದ್ದು ಅಹ್ಮದ್‌ನಗರ ಜಿಲ್ಲೆಯ ಬರದ ನಾಡಿನಿಂದ. ವೆಲ್ಲೂರಿನಲ್ಲಿ ಓದಿದ ರಜನಿಕಾಂತ್ ಮತ್ತು ಮೇಬಲ್ ಅರೋಲೆ ದಂಪತಿ 1970ರಲ್ಲಿ ಜಾಮ್‌ಖೇಡ್‌ಗೆ ಬಂದರು. ಓದುಬರಹವಿಲ್ಲದ ಹೆಂಗಸರಿಗೆ, ಅವರಲ್ಲೂ ಎಷ್ಟೋ ದಲಿತ ಹೆಂಗಸರಿಗೆ, ತರಬೇತಿ ಕೊಟ್ಟು ಊರಿನ ಆರೋಗ್ಯವನ್ನು ಅವರ ಕೈಗಿಟ್ಟರು. ಕುಡಿಯುವ ನೀರಿನ ಕೊಳವೆಬಾವಿಗಳನ್ನು ದಲಿತರ ಕೇರಿಯಲ್ಲೇ ತೋಡಿಸಿದರು. ಮೇಲ್ಜಾತಿಯವರು ಕೊಡ ಹಿಡಿದು ಅಲ್ಲಿಗೇ ಬರಬೇಕು. ಟ್ಯೂಬಿಂಗನ್ ‘ಸಭೆ’ ಎಂದದ್ದು ಇಲ್ಲಿ ಇಡೀ ಊರಾಯಿತು. ನನ್ನ ಮಟ್ಟಿಗೆ ಈ ಪರಂಪರೆಯ ದೊಡ್ಡ ಗೆಲುವು ಇದೇ. ಸಭೆಯ ಗೋಡೆ ಕರಗಿದಾಗಲೇ ಅದರ ತತ್ವ ಕೆಲಸ ಮಾಡಿತು ಎಂಬುದು ದೇವಶಾಸ್ತ್ರಿಗಳಿಗೆ ನುಂಗಲು ಕಷ್ಟವಾದ ತುತ್ತು. ಜಿನೀವಾ ಹೆಚ್ಚಾಗಿ ಬಡತನದ ಭಾಷೆಯಲ್ಲಿ ಮಾತಾಡಿತು. ರೋಗಕ್ಕೂ ಜಾತಿಗೂ ಇರುವ ನಂಟನ್ನು ಹಿಡಿದದ್ದು ಜಾಮ್‌ಖೇಡ್.

ಎರಡನೆಯ ತೊಡಕು ಇನ್ನೂ ಗಂಭೀರ. ‘ಆಸ್ಪತ್ರೆ ಸಾಕು, ತಡೆಗಟ್ಟುವಿಕೆ ಬೇಕು’ ಎಂಬ ನೈತಿಕ ಮಾತು ಜಿಪುಣರ ಕೈಗೆ ಸಿಕ್ಕರೆ ಏನಾಗುತ್ತದೆ? ಆಲ್ಮಾ ಆಟಾದ ಮರುವರ್ಷವೇ ‘ಆಯ್ದ’ ಪ್ರಾಥಮಿಕ ಆರೋಗ್ಯದ ವಾದ ಎದ್ದಿತು: ಅಗ್ಗದ ಕೆಲವೇ ಉಪಾಯ ಸಾಕು, ಬಾಕಿಯದು ಆಮೇಲೆ. ಈ ಲೆಕ್ಕಾಚಾರಕ್ಕೆ ಕ್ರೈಸ್ತ ಚಿಂತನೆಯೊಳಗಿಂದಲೇ ಎದುರು ನಿಂತವರು ಅಮೆರಿಕದ ವೈದ್ಯ ಪಾಲ್ ಫಾರ್ಮರ್. ಪೆರುವಿನ ಗುಸ್ತಾವೊ ಗುಟಿಯೆರೆಜ್‌ರ ವಿಮೋಚನಾ ದೇವಶಾಸ್ತ್ರದಿಂದ, ಬಡವರಿಗೇ ಮೊದಲ ಆದ್ಯತೆ ಎಂಬ ಅದರ ಮೂಲಮಂತ್ರದಿಂದ ಅವರು ಕಲಿತರು. 1990ರ ದಶಕದ ನಡುವೆ ಲಿಮಾದ ಕರಬಾಯ್ಯೊ ಬಡಾವಣೆಯಲ್ಲಿ ಔಷಧಿಗೆ ಬಗ್ಗದ ಕ್ಷಯ ಹರಡಿತ್ತು. ಅವರ ಗೆಳೆಯರಾಗಿದ್ದ ಪಾದ್ರಿಯೊಬ್ಬರೂ ಅದರಿಂದಲೇ ತೀರಿಕೊಂಡರು. ಬಡದೇಶಗಳಲ್ಲಿ ಅದರ ಚಿಕಿತ್ಸೆ ದುಬಾರಿ, ಕೈಬಿಡಿ ಎನ್ನುವುದು ತಜ್ಞರ ಸಲಹೆ. ಫಾರ್ಮರ್ ಮತ್ತು ಜಿಮ್ ಯಾಂಗ್ ಕಿಮ್ ಗೆಳೆಯರ ಬಳಗ ಆ ದುಬಾರಿ ಔಷಧಿಯನ್ನೇ ಕೊಟ್ಟು, ಹೆಚ್ಚಿನವರನ್ನು ಉಳಿಸಿತು. ಮನೆಮನೆಗೆ ಹೋಗಿ ಔಷಧಿ ನುಂಗಿಸಿದವರು ಸ್ಥಳೀಯ ಆರೋಗ್ಯ ಕಾರ್ಯಕರ್ತರು, ಅಂದರೆ ಜಾಮ್‌ಖೇಡ್‌ನ ದಾರಿಯೇ. ವ್ಯತ್ಯಾಸ ಇಷ್ಟೇ: ಬಡವರಿಗೆ ಅಗ್ಗದ್ದು ಸಾಕು ಎನ್ನುವುದನ್ನು ಫಾರ್ಮರ್ ಪಾಪವೆಂದೇ ಎಣಿಸಿದರು. ಈ ವಿಷಯದಲ್ಲಿ ನಾನು ಅವರ ಪಕ್ಷ. ಆದರೆ ಅವರ ದಾರಿ ಬಾಸ್ಟನ್ನಿನ ದಾನಿಗಳನ್ನೂ ಹಾರ್ವರ್ಡ್‌ನ ಹೆಸರನ್ನೂ ನೆಚ್ಚಿಕೊಂಡಿತ್ತು ಎಂಬುದನ್ನು ಅವರ ಅಭಿಮಾನಿಗಳು ಹಗುರವಾಗಿ ದಾಟುತ್ತಾರೆ. ಆ ಬಲವಿಲ್ಲದ ಬೀದರ್ ಕಡೆಯ ಒಂದು ಮಿಷನ್ ದವಾಖಾನೆ ಏನು ಮಾಡಬೇಕು ಎಂಬುದಕ್ಕೆ ಅವರ ದೇವಶಾಸ್ತ್ರದಲ್ಲಿ ಉತ್ತರವಿಲ್ಲ.

ನಮ್ಮಲ್ಲೂ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ ಹೊರಬಂದ ಕೆಲವರು 1984ರಲ್ಲಿ ಬೆಂಗಳೂರಿನಲ್ಲಿ ಕಮ್ಯೂನಿಟಿ ಹೆಲ್ತ್ ಸೆಲ್ ಕಟ್ಟಿ ಇದೇ ಪ್ರಶ್ನೆಗಳನ್ನು ಧರ್ಮದ ಹಂಗಿಲ್ಲದೆ ಎತ್ತಿದರು. ಜಾಮ್‌ಖೇಡ್ ನೋಡಲು ಈಗಲೂ ದೇಶವಿದೇಶದಿಂದ ಜನ ಬರುತ್ತಾರೆ, ಕಲಿಯುತ್ತಾರೆ, ಹೋಗುತ್ತಾರೆ. ಆದರೆ ಚರ್ಚಿನ ಆಡಳಿತ ಮಂಡಳಿಗಳು ಹಣ ಸುರಿಯುವುದು ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳಿಗೇ. ಅಲ್ಲಿ ಆದಾಯವಿದೆ, ಸೀಟುಗಳಿವೆ, ನೌಕರಿಗಳಿವೆ. ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಮಂಡಳಿಗೆ ಇದರಲ್ಲಿ ಒಂದನ್ನೂ ತಂದುಕೊಡಲಾರಳು.